ಸೂಪರ್‌ಕಂಪ್ಯೂಟರ್ ಸಿಕ್ತು, ಪಾಠ ಎಲ್ಲಿ ಸಿಗುತ್ತೆ?

ವುಡ್‌ಲ್ಯಾಂಡ್ ಹಿಲ್ಸ್‌ನ ಮನೆಯಲ್ಲೇ ಕೂತು ಸ್ಯಾನ್ ಡಿಯಾಗೋದ ಸೂಪರ್‌ಕಂಪ್ಯೂಟರ್ ಓಡಿಸಬಹುದು. 101, 405 ಹೈವೇಗಳ ಟ್ರಾಫಿಕ್‌ನಲ್ಲಿ ಒದ್ದಾಡೋದೇ ಬೇಡ; ಲ್ಯಾಪ್‌ಟಾಪ್, ಇಂಟರ್ನೆಟ್, ಒಂದು ಅಕೌಂಟ್ ಇದ್ರೆ ಆಯ್ತು. ಕಷ್ಟ ಇರೋದು ಅದನ್ನ ಬಳಸೋದು ಕಲಿಸೋ ಸರಿಯಾದ ಪಾಠ ಹುಡುಕೋದ್ರಲ್ಲಿ.

ಹಳೇ ಪಾಠ ನಂಬಿದ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ನೋಡಿ. ಯುಸಿ ಸ್ಯಾನ್ ಡಿಯಾಗೋದ ಸೂಪರ್‌ಕಂಪ್ಯೂಟರ್ ಸೆಂಟರ್‌ನಲ್ಲಿ ಮೊದಲು 'ಕಾಮೆಟ್' ಇತ್ತು. ಅದರ ಸಾಮಾನ್ಯ ನೋಡ್‌ಗೆ, ಅಂದ್ರೆ ಒಳಗಿನ ಒಂದೊಂದು ಕಂಪ್ಯೂಟರ್‌ಗೆ, 24 ಕೋರ್. 2020ರ ಕೊನೆಗೆ 'ಎಕ್ಸ್‌ಪ್ಯಾನ್ಸ್' ಬಂತು, ನೋಡ್‌ಗೆ 128 ಕೋರ್. ಸೀನಿಯರ್ ಕೊಟ್ಟ ಕಾಮೆಟ್ ಕಾಲದ ಹಳೇ ಸ್ಕ್ರಿಪ್ಟ್‌ನಲ್ಲಿ ಅಕೌಂಟ್ ಹೆಸರಷ್ಟೇ ಬದಲಿಸಿ 'ಕಂಪ್ಯೂಟ್' ಕ್ಯೂಗೆ ಹಾಕಿದ್ರೆ, ನೀವು ಬಳಸೋದು 24 ಕೋರ್, ಲೆಕ್ಕಕ್ಕೆ ಬೀಳೋದು ಇಡೀ ನೋಡ್‌ನ 128! ಸಣ್ಣ ಕೆಲಸಕ್ಕೆ 'ಶೇರ್ಡ್' ಕ್ಯೂ ಇದೆ. ಅಲ್ಲಿ ಕೇಳಿದಷ್ಟಕ್ಕೇ ಲೆಕ್ಕ.

ಹಾಗಾದ್ರೆ ಎಲ್ಲಿ ಹುಡುಕೋದು? ಮೊದಲು ಆ ಮಷೀನಿನದ್ದೇ ಯೂಸರ್ ಗೈಡ್. ಆಮೇಲೆ ಸೆಂಟರ್‌ನ ವೆಬಿನಾರ್ ರೆಕಾರ್ಡಿಂಗ್, ಗಿಟ್‌ಹಬ್‌ನಲ್ಲಿರೋ ಮಾದರಿ ಸ್ಕ್ರಿಪ್ಟ್. ಲಿನಕ್ಸ್ ಕಮಾಂಡೇ ಹೊಸದಾ? 1998ರಲ್ಲಿ ಶುರುವಾದ ಸಾಫ್ಟ್‌ವೇರ್ ಕಾರ್ಪೆಂಟ್ರಿಯ ಪಾಠಗಳು ಉಚಿತ. ಮೂಲದ ಹೆಸರು ಹಾಕಿದ್ರೆ ಸಾಕು, ತಿದ್ದಿ ಹಂಚಲೂಬಹುದು.

ನೀವೇ ಪಾಠ ಬರೆದು ಹಂಚ್ತೀರಾ? ಮೇಲ್ಗಡೆ ನಾಲ್ಕು ವಿಷಯ ಹಾಕಿ: ಯಾವ ಮಷೀನ್, ಯಾವ ತಾರೀಖಿಗೆ ಓಡಿಸಿ ನೋಡಿದ್ದು, ಓದೋರಿಗೆ ಮೊದಲೇ ಏನು ಗೊತ್ತಿರಬೇಕು, ಯಾವ ಲೈಸೆನ್ಸ್. ಅಷ್ಟಿದ್ರೆ ಬೆಂಗಳೂರಿನ ಐಐಎಸ್‌ಸಿಯಲ್ಲಿ 'ಪರಮ್ ಪ್ರವೇಗ' ಸೂಪರ್‌ಕಂಪ್ಯೂಟರ್ ಬಳಸೋರೂ ಯಾವ ಸಾಲು ಇಟ್ಕೋಬೇಕು, ಯಾವುದು ಬದಲಿಸಬೇಕು ಅಂತ ಬೇಗ ಲೆಕ್ಕ ಹಾಕ್ತಾರೆ.