ವಿದ್ಯಾರ್ಥಿ ಮಾಹಿತಿ ವ್ಯವಸ್ಥೆ ಮತ್ತು ಮೌಖಿಕ ಮಾರ್ಗದರ್ಶನ

ಗುಲಬರ್ಗಾ ವಿಶ್ವವಿದ್ಯಾಲಯವು 1980ರಲ್ಲಿ ಸ್ಥಾಪನೆಗೊಂಡಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಪದವಿ ವಿದ್ಯಾರ್ಥಿಗಳು ಪರೀಕ್ಷೆ, ಪ್ರಮಾಣಪತ್ರಗಳ ಕಾರ್ಯಕ್ಕೆ ಕಲಬುರಗಿಯನ್ನೇ ಅವಲಂಬಿಸಿದ್ದರು. ಮೊದಲ ನಾಲ್ಕು ಊರುಗಳಿಗೆ ರೈಲು ಸಂಪರ್ಕವಿದೆ. ಚಿಂಚೋಳಿಗೆ ಅದೂ ಇಲ್ಲ. 2021-22ರಿಂದ ರಾಜ್ಯದಲ್ಲಿ ಬಳಕೆಗೆ ಬಂದ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆಯು ಪ್ರವೇಶದಿಂದ ಫಲಿತಾಂಶದವರೆಗಿನ ದಾಖಲೆಗಳನ್ನು ಒಂದೆಡೆ ತಂದು ಈ ಅಲೆದಾಟವನ್ನು ತಗ್ಗಿಸುವ ಮಾರ್ಗ ತೆರೆಯಿತು.

ಆದರೆ ಯಂತ್ರವು ವ್ಯಕ್ತಿಯನ್ನು ಅಕ್ಷರಸಾಮ್ಯದಿಂದ ಗುರುತಿಸುತ್ತದೆ; ಮೌಖಿಕ ಸಮಾಜದಲ್ಲಿ ಹೆಸರಿಗೆ ಪಾಠಾಂತರಗಳಿರುತ್ತವೆ. ಸೇಡಂ ಊರನ್ನೇ ಇಂಗ್ಲಿಷಿನಲ್ಲಿ ‘ಸೇರಂ’ ಎಂದು ಬರೆಯುವ ರೂಢಿಯುಂಟು. 2014ರಲ್ಲಿ ಗುಲಬರ್ಗಾ ನಗರವು ಕಲಬುರಗಿಯಾದರೂ ವಿಶ್ವವಿದ್ಯಾಲಯದ ಹೆಸರು ಬದಲಾಗಲಿಲ್ಲ. ತಾಂಡಾದ ವಿದ್ಯಾರ್ಥಿಯ ‘ರಾಠೋಡ’ ಎಂಬ ಕುಲನಾಮ ಎರಡು ದಾಖಲೆಗಳಲ್ಲಿ ಎರಡು ಬಗೆಯಾಗಿದ್ದರೆ, 371(ಜೆ) ಅನುಚ್ಛೇದದ ಮೀಸಲಾತಿಯ ಪರಿಶೀಲನೆಯಲ್ಲಿ ಅದು ತೊಡಕಾಗಬಹುದು.

ಮಾರ್ಗದರ್ಶನದ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ವಿಷಯದ ಆಯ್ಕೆ, ಬಾಕಿ ಪತ್ರಿಕೆ, ವಿದ್ಯಾರ್ಥಿವೇತನ ಕುರಿತ ತಿಳುವಳಿಕೆಯು ಹಿರಿಯ ವಿದ್ಯಾರ್ಥಿಗಳಿಂದ, ಅರ್ಜಿ ತುಂಬುವ ಕಂಪ್ಯೂಟರ್ ಅಂಗಡಿಯವರಿಂದ ಬಾಯಿಂದ ಬಾಯಿಗೆ ಹರಿಯುತ್ತದೆ. 2021-22ರಲ್ಲಿ ನಾಲ್ಕು ವರ್ಷಗಳ ಪದವಿಯ ಚೌಕಟ್ಟು ಬಂದು, 2024-25ರಲ್ಲಿ ಮೂರು ವರ್ಷಗಳ ಪದವಿ ಮರಳಿತು. ಹೀಗಾಗಿ ಹಿರಿಯರ ಅನುಭವದ ಮಾತು ಕಿರಿಯರಿಗೆ ತಪ್ಪುದಾರಿಯಾಗುವ ಸಂಭವವಿದೆ.

ಆದ್ದರಿಂದ ವ್ಯವಸ್ಥೆಯಲ್ಲಿ ಹೆಸರಿನ ರೂಪಾಂತರಗಳಿಗೆ ಅವಕಾಶವಿರಬೇಕು. ಅವುಗಳನ್ನು ದೃಢೀಕರಿಸುವ ಅಧಿಕಾರ ಕಾಲೇಜಿನ ಮಟ್ಟದಲ್ಲಿರಬೇಕು. ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳನ್ನೂ ಸಂಗ್ರಹಿಸಿ, ಆಯಾ ವರ್ಷದ ನಿಯಮಾನುಸಾರ ಕನ್ನಡದಲ್ಲಿ ಉತ್ತರ ನೀಡಬೇಕು. ದಾಖಲೆ ಕಾಯುವುದು ಆಡಳಿತವಾದರೆ, ಪ್ರಶ್ನೆಗೆ ಕಿವಿಗೊಡುವುದು ಮಾರ್ಗದರ್ಶನ. ಮಾಹಿತಿ ವ್ಯವಸ್ಥೆಗೆ ಇವೆರಡೂ ಅವಶ್ಯಕ.