ಮೇಜಿನ ಮೇಲೆ ಸೊರಬದ ರೈಲು

ಸೊರಬಕ್ಕೆ ರೈಲು ಬಂದಿಲ್ಲ. ಶಿವಮೊಗ್ಗ–ತಾಳಗುಪ್ಪ ಹಳಿ ಅರಸಾಳು, ಆನಂದಪುರ, ಸಾಗರ ಹಾದು ಹೋಯಿತೇ ಹೊರತು ಇತ್ತ ತಿರುಗಲಿಲ್ಲ. ಶಿಕಾರಿಪುರದ ಮೂಲಕ ರಾಣೆಬೆನ್ನೂರಿಗೆ ಹೋಗುವ ಬ್ರಾಡ್‌ಗೇಜ್ ಮಾರ್ಗಕ್ಕೆ ಶಂಕುಸ್ಥಾಪನೆಯಾದದ್ದೂ 2023ರ ಫೆಬ್ರುವರಿಯಲ್ಲಷ್ಟೆ. ಮಾದರಿ ರೈಲು ಕಟ್ಟುವವರು ಅಷ್ಟು ಕಾಯಬೇಕಿಲ್ಲ.

ಅವರು ಆರಿಸಿಕೊಳ್ಳಬೇಕಾದದ್ದು ನ್ಯಾರೋಗೇಜ್. ನಮ್ಮ ನಾಡಿಗೆ ಅದು ಹೊಸದಲ್ಲ. ಯಲಹಂಕ–ಕೋಲಾರ–ಬಂಗಾರಪೇಟೆ ಹಳಿಯ ಅಗಲ 762 ಮಿ.ಮೀ. ಇತ್ತು, ತರೀಕೆರೆ–ನರಸಿಂಹರಾಜಪುರದ ಪುಟ್ಟ ರೈಲಿನದು ಬರೀ ಎರಡಡಿ. ಮಾದರಿಯ ಅಳತೆ 1:87 ಎಂದಿಟ್ಟುಕೊಂಡು 762ನ್ನು 87ರಿಂದ ಭಾಗಿಸಿದರೆ 8.76. ಪೇಟೆಯಲ್ಲಿ ಸಿಗುವ ‘ಎನ್’ ಗೇಜ್ ಹಳಿಯ ಅಗಲ 9 ಮಿ.ಮೀ.; ಹೆಚ್ಚುಕಡಿಮೆ ಅಷ್ಟೇ. ಸಣ್ಣ ಎಂಜಿನ್ ಒಂಬತ್ತು ಇಂಚು ತ್ರಿಜ್ಯದ ತಿರುವಿನಲ್ಲೂ ಸರಾಗವಾಗಿ ಹೊರಳುವುದರಿಂದ ನಾಲ್ಕಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ ಹಲಗೆ ಸಾಕು.

ಆ ಹಲಗೆಯ ಮೇಲೆ ಮಲೆನಾಡು ಏಳಬೇಕು. 1:87ರ ಅಳತೆಯಲ್ಲಿ ಹದಿನೈದು ಮೀಟರ್ ಅಡಿಕೆ ಮರ 17 ಸೆಂ.ಮೀ. ಆಗುತ್ತದೆ, ಅದರಡಿಯ ಮನುಷ್ಯ ಎರಡು ಸೆಂ.ಮೀ. ಕೂಡ ಇಲ್ಲ. ಇಂಥ ಸೂಕ್ಷ್ಮ ಕೆಲಸಕ್ಕೆ ಕೈ ಎಲ್ಲಿಂದ ತರುವುದು ಎಂದು ಸೊರಬದವರು ಕೇಳಬೇಕಾಗಿಲ್ಲ. ಗಂಧದ ತುಂಡಿನಲ್ಲಿ ಬಳ್ಳಿ, ಎಲೆ, ಆನೆ ಕೆತ್ತುವ, ಬೆಂಡಿನಲ್ಲಿ ಬಾಸಿಂಗ ಮಾಡುವ ಗುಡಿಗಾರರ ಊರು ಅದು. ಹಗುರವಾದ, ಚಾಕುವಿಗೆ ಬಗ್ಗುವ ಆ ಬೆಂಡೇ ಹೆಂಚಿನ ಮನೆಗೂ ಸ್ಟೇಷನ್ನಿನ ಗೋಡೆಗೂ ಒದಗುತ್ತದೆ. ಕೆರೆಯ ಏರಿಗೆ ಜರಡಿ ಹಿಡಿದ ಕೆಮ್ಮಣ್ಣು, ಅಂಟು. ಮಳೆಗಾಲದ ತೇವಕ್ಕೆ ಹಲಗೆ ಉಬ್ಬಿ ಹಳಿ ಸೊಟ್ಟಗಾಗದಂತೆ ಅಂಚು, ಅಡಿಭಾಗಗಳಿಗೂ ವಾರ್ನಿಷ್ ಬಳಿಯಲೇಬೇಕು.

ಕಟ್ಟುವುದಕ್ಕಿಂತ ಓಡಿಸುವುದೇ ಕಷ್ಟ. ಎರಡು ಹಳಿಗಳಲ್ಲಿ ಹರಿಯುವ 12 ವೋಲ್ಟ್ ಕರೆಂಟನ್ನು ಚಕ್ರಗಳೇ ಮೋಟಾರಿಗೆ ಮುಟ್ಟಿಸಬೇಕು. ಹಳಿ ಕವಲೊಡೆಯುವಲ್ಲಿ ಬೆರಳ ತುದಿಯಷ್ಟು ಪ್ಲಾಸ್ಟಿಕ್ ತುಂಡು ಇದ್ದರೂ ಸಾಕು, ನಾಲ್ಕೇ ಚಕ್ರದ ಗಿಡ್ಡ ಎಂಜಿನ್ ಅದರ ಮೇಲೆ ಗಕ್ಕನೆ ನಿಂತುಬಿಡುತ್ತದೆ. ಕಿರುಬೆರಳಲ್ಲಿ ತಳ್ಳಿದರೆ ಮತ್ತೆ ಹೊರಡುತ್ತದೆ. ಪ್ರತಿ ಸಲ ತಳ್ಳುವುದು ರೈಲು ಓಡಿಸಿದಂತಲ್ಲ. ಆ ತುಂಡನ್ನು ಲೋಹದ್ದಾಗಿಸಿ, ಕವಲು ತಿರುಗಿದಂತೆ ಅದರ ಕರೆಂಟೂ ಬದಲಾಗುವಂತೆ ತಂತಿ ಎಳೆಯುವುದೇ ಸರಿಯಾದ ದಾರಿ. ಹಳಿಯ ಮೇಲಿನ ಕಪ್ಪು ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಲ್ಲಿ ಆಗಾಗ ಒರೆಸಬೇಕು.

ಸುಮ್ಮನೆ ಸುತ್ತುವ ರೈಲು ಹತ್ತು ನಿಮಿಷಕ್ಕೆ ಬೇಸರ ತರಿಸುತ್ತದೆ. ವೇಳಾಪಟ್ಟಿ ಬರೆದಿಟ್ಟರೆ ಆಟದ ಸ್ವರೂಪವೇ ಬೇರೆ. ಒಂಟಿ ಹಳಿ, ನಡುವೆ ಶಿರಾಳಕೊಪ್ಪದಲ್ಲಿ ಕ್ರಾಸಿಂಗ್. ಸೊರಬದಿಂದ ಅಡಿಕೆ ಮೂಟೆ ಹೊತ್ತ ಗೂಡ್ಸ್ ಬಂದು ಪಕ್ಕದ ಹಳಿ ಹಿಡಿಯುತ್ತದೆ. ಶಿಕಾರಿಪುರದ ಪ್ಯಾಸೆಂಜರ್ ಇನ್ನೂ ಕೆರೆ ಏರಿಯ ತಿರುವಿನಲ್ಲಿದೆ. ಅದು ಬರುವ ತನಕ ಗೂಡ್ಸ್ ಹೊರಡುವಂತಿಲ್ಲ.