ಕುಬಸಕ್ಕೆ ಹಸಿರು ಸೀರೆ: ಖಣ ಯಾವುದು, ಬಳೆ ಎಂಥವು?

ಮಗಳಿಗೆ ಏಳು ತಿಂಗಳು ತುಂಬಿತೆಂದರೆ ಸಾಕು, ತವರುಮನೆಯಲ್ಲಿ ಗಡಿಬಿಡಿ ಶುರು. ಬೇರೆ ಕಡೆ ಸೀಮಂತ ಅನ್ನುವುದಕ್ಕೆ ನಮ್ಮ ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಕುಬಸ ಅನ್ನುತ್ತೇವೆ. ಕುಬಸ ಎಂದರೆ ಕುಪ್ಪಸವೇ ತಾನೆ! ಕಾರ್ಯಕ್ಕೇ ಬಟ್ಟೆಯ ಹೆಸರು ಬಂದಿದೆ. ಹಾಗಿರುವಾಗ ಅಂದು ಉಡುವ ಸೀರೆ, ತೊಡುವ ಖಣ, ಇಡುವ ಬಳೆ ಇವುಗಳ ಬಗ್ಗೆ ತಾಯಂದಿರು ತಲೆ ಕೆಡಿಸಿಕೊಳ್ಳುವುದು ಸಹಜವೇ.

ಆದರೆ ಈಚೆಗೆ ಈ ತಲೆಬಿಸಿ ಅತಿಯಾಗಿದೆ. "ಸೀರಿ ಹಸರು ಅಂದ ಮ್ಯಾಲೆ ಜಂಪರೂ ಅದೇ ಹಸರು ಬೇಕು, ಬಳಿನೂ ಅದೇ ಹಸರು, ಸರದಾಗಿನ ಹಳ್ಳೂ ಅದೇ ಹಸರು" ಎಂದು ಅಂಗಡಿಯಿಂದ ಅಂಗಡಿಗೆ ಅಲೆದಾಟ. ಕಡೆಗೆ ಇದ್ದ ರೊಕ್ಕವೆಲ್ಲ ಮ್ಯಾಚಿಂಗಿಗೇ ಖರ್ಚಾಗಿ, ಊಟದ ಖರ್ಚಿಗೆ ಸಾಲ ಎತ್ತುವ ಮನೆಗಳೂ ಉಂಟು. ಇಷ್ಟೆಲ್ಲ ಮಾಡಿ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದರೆ ಸೀರೆ, ಜಂಪರು, ಬಳೆ ಎಲ್ಲವೂ ಒಂದೇ ಮುದ್ದೆಯಾಗಿ ಯಾವುದೂ ಎದ್ದು ಕಾಣುವುದಿಲ್ಲ. ನಮ್ಮ ಹಿರಿಯರ ಲೆಕ್ಕ ಹೀಗಿರಲಿಲ್ಲ. ಅದು ಸುಲಭವೂ ಹೌದು, ಅಗ್ಗವೂ ಹೌದು.

ಲೆಕ್ಕ ಸೆರಗಿನಿಂದ ಶುರುವಾಗಲಿ

ನಿಡಗುಂದಿಯಿಂದ ಹೆದ್ದಾರಿ ಹಿಡಿದು ಕೃಷ್ಣಾ ಹೊಳೆ ದಾಟಿ, ಹುನಗುಂದದ ಮುಂದೆ ಹೋದರೆ ಇಳಕಲ್. ಖಣಕ್ಕೆ ಹೆಸರಾದ ಗುಳೇದಗುಡ್ಡವೂ ಹೊಳೆಯ ಆಚೆಗೇ ಇದೆ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೆ ಎರಡೂ ನಮ್ಮ ಜಿಲ್ಲೆಯ ಊರುಗಳೇ ಆಗಿದ್ದವು. ಸೀರೆ ಒಂದು ಊರಿನದು, ಖಣ ಇನ್ನೊಂದು ಊರಿನದು. ಅಂದ ಮೇಲೆ ಎರಡೂ ಒಂದೇ ಬಣ್ಣದವಾಗಿರಬೇಕೆಂಬ ಹಟ ಮೊದಲಿನಿಂದಲೂ ಇರಲಿಲ್ಲ!

ಇಳಕಲ್ ಸೀರೆಯನ್ನು ಒಮ್ಮೆ ಬಿಚ್ಚಿ ನೋಡಿರಿ. ಒಡಲು ಹಸಿರಿರಲಿ, ನೀಲಿಯಿರಲಿ, ಕಪ್ಪಿರಲಿ, ಸೆರಗು ಮಾತ್ರ ಕೆಂಪು. ಅದರಲ್ಲಿ ಬಿಳಿಯ ತೆನಿ. ಇದೇ ನಮ್ಮ ಟೋಪ ತೆನಿ ಸೆರಗು. ಒಡಲಿನ ಹಾಸಿನ ನೂಲೇ ಬೇರೆ, ಸೆರಗಿನ ಹಾಸಿನ ನೂಲೇ ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಹೀಗಾಗಿ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು, ಬಣ್ಣ ಕಣ್ಣು ತುಂಬುತ್ತದೆ.

ಮಣೆಯ ಮೇಲೆ ಕುಳಿತವಳ ಎದೆ, ಹೆಗಲು, ತಲೆಯ ಮೇಲೆ ಬರುವುದು ಈ ಸೆರಗೇ. ಮುಖಕ್ಕೆ ಹತ್ತಿರ ಇರುವ ಬಣ್ಣ ಕೆಂಪು, ಹಸಿರಲ್ಲ. ಆದ್ದರಿಂದ ಖಣ, ಸರ, ಹೂವು ಎಲ್ಲವನ್ನೂ ಸೆರಗಿಗೆ ಹಿಡಿದು ನೋಡಿ ಆರಿಸಿರಿ. ಇದೊಂದು ಮಾತು ನೆನಪಿನಲ್ಲಿದ್ದರೆ ಅರ್ಧ ಅಲೆದಾಟ ಉಳಿಯುತ್ತದೆ.

ಸೀರೆ ಕೊಳ್ಳುವಾಗ

ಏಳು ತಿಂಗಳ ಬಸುರಿಗೆ ಪೂರ್ತಿ ರೇಷ್ಮೆ ಸೀರೆ ಬೇಡ, ಭಾರ ಮತ್ತು ಸೆಕೆ. ಒಡಲು ಹತ್ತಿಯದು, ದಡಿ ಮತ್ತು ಸೆರಗು ರೇಷ್ಮೆಯದು ಇರುವ ಸೀರೆಯೇ ಅವಳಿಗೆ ಹಿತ. ಹಸಿರನ್ನು ಅಂಗಡಿಯ ದೀಪದ ಕೆಳಗೆ ನಂಬಬೇಡಿರಿ. ಬಾಗಿಲ ಹೊರಗೆ ತಂದು ಬಿಸಿಲ ಬೆಳಕಿನಲ್ಲಿ ನೋಡಿರಿ. ದೀಪದ ಕೆಳಗೆ ಗಿಳಿ ಹಸಿರಾಗಿ ಕಂಡದ್ದು ಹೊರಗೆ ಹಳದಿ ಹೊಡೆಯಬಹುದು.

ಕೈಮಗ್ಗದ್ದೋ, ಯಂತ್ರದ ನಕಲೋ ಎಂಬ ಅನುಮಾನ ಬಂದರೆ ಒಡಲು ಮತ್ತು ಸೆರಗು ಕೂಡುವ ಜಾಗವನ್ನು ತಿರುವಿ ನೋಡಿರಿ. ಕೊಂಡಿ ಹಾಕಿದ ಗೆರೆ ಬೆರಳಿಗೆ ಹತ್ತುತ್ತದೆ. ಕೊಂಡಿ ಇಲ್ಲದೆ ಒಡಲಿನ ಹಸಿರು ಹಾಸಿನ ಮೇಲೇ ಕೆಂಪು ಹೊಕ್ಕು ಹೊಡೆದಿದ್ದರೆ ಸೆರಗಿನ ಕೆಂಪು ಮಂಕಾಗಿ ಕಾಣುತ್ತದೆ. ಕೈಮಗ್ಗದ ಬೆಲೆ ಕೊಟ್ಟು ನಕಲು ತರುವುದು ನಮಗೂ ನಷ್ಟ, ದಿನವಿಡೀ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತ ನೇಕಾರರಿಗೂ ನಷ್ಟ.

ಖಣದ ಆಯ್ಕೆ

ನಿಯಮ ಒಂದೇ: ಸೀರೆ ತಿಳಿಯಾದರೆ ಖಣ ದಟ್ಟ, ಸೀರೆ ದಟ್ಟವಾದರೆ ಖಣ ತಿಳಿ.

ಗಿಳಿ ಹಸಿರು ಸೀರೆಗೆ: ದಟ್ಟ ಕೆಂಪು ಅಥವಾ ನೇರಳೆ ಖಣ.

ಬಾಟಲಿ ಹಸಿರು ಸೀರೆಗೆ: ಅರಿಷಿಣ ಬಣ್ಣದ ಅಥವಾ ಗುಲಾಬಿ ಖಣ.

ಎಲೆ ಹಸಿರು ಸೀರೆಗೆ: ಇವೆರಡರಲ್ಲಿ ಯಾವುದಾದರೂ ನಡೆದೀತು.

"ಇಲ್ಲವ್ವಾ, ಕುಬಸಕ್ಕ ಖಣಾನೂ ಹಸರೇ ಇರಬೇಕು" ಎಂದು ಬೀಗಿತ್ತಿ ಹಟ ಹಿಡಿದರೆ? ಜಗಳ ಬೇಡ. ಸೀರೆಗಿಂತ ದಟ್ಟವಾದ ಹಸಿರು ಖಣ ತನ್ನಿರಿ, ಅದರ ದಡಿ ಮಾತ್ರ ಕೆಂಪಿರಲಿ. ಹೊಲಿಸುವಾಗ ಆ ದಡಿ ತೋಳಿನ ಅಂಚಿಗೆ ಬಂದರೆ ಸೆರಗಿನ ಕೆಂಪಿಗೆ ತಾನಾಗಿಯೇ ಜೋಡಿಯಾಗುತ್ತದೆ. ಬೀಗಿತ್ತಿಯ ಮಾತೂ ಉಳಿಯಿತು, ನಿಮ್ಮ ಮಗಳ ಅಂದವೂ ಉಳಿಯಿತು! ಖಣದ ಬುಟ್ಟಾ ತೇರು, ಆನೆ ಹೆಜ್ಜೆ, ತುಳಸಿ ಯಾವುದಾದರೂ ಸರಿ. ಸೀರೆಯ ಒಡಲಿನಲ್ಲಿ ಕಸೂತಿ ಇದ್ದರೆ ಖಣದ ಬುಟ್ಟಾ ಸಣ್ಣದಿರಲಿ.

ಸಿಂಪಿಗರಿಗೆ ಮೂರು ಮಾತು ಹೇಳಿರಿ. ಅಳತೆಯನ್ನು ಕಾರ್ಯಕ್ಕೆ ಹತ್ತು ದಿನ ಇರುವಾಗ ತೆಗೆಯಲಿ, ಎರಡು ತಿಂಗಳ ಹಿಂದಿನ ಅಳತೆ ಸಾಲುವುದಿಲ್ಲ. ಒಳಗೆ ಎರಡೂ ಪಕ್ಕ ಒಂದೊಂದು ಇಂಚು ಬಟ್ಟೆ ಬಿಡಲಿ. ಹುಕ್ಕು ಮುಂದೆ ಬರಲಿ. ಮುಂದೆ ಗಂಟು ಕಟ್ಟುತ್ತಿದ್ದ ಹಳೆಯ ಕಾಲದ ಕುಪ್ಪಸದ ಜಾಣತನ ಇಲ್ಲಿದೆ ನೋಡಿರಿ: ಕೂಸಿಗೆ ಹಾಲೂಡಿಸುವಾಗಲೂ ಅದೇ ಕುಪ್ಪಸ ಬರುತ್ತದೆ. ಬೆನ್ನ ಹಿಂದೆ ಹುಕ್ಕಿಟ್ಟು ಹೊಲಿಸಿದ ಬೆಲೆಬಾಳುವ ಜಂಪರು ಒಂದು ದಿನಕ್ಕೆ ಮುಗಿದು ಹೋಗುತ್ತದೆ.

ಬಳೆ, ಸರ, ಹೂವು

ಬಸುರಿಯ ಕೈ ಎಷ್ಟೋ ಸಲ ಬಾತಿರುತ್ತದೆ. ಎಂದೂ ಎರಡು-ಆರು ಅಳತೆ ಇಡುವವಳಿಗೆ ಈಗ ಎರಡು-ಎಂಟು ಬೇಕಾದೀತು. ಬಳೆಗಾರರಿಗೆ ಮೊದಲೇ ತಿಳಿಸಿರಿ, ಒತ್ತಾಯದಿಂದ ಏರಿಸಿ ಗಾಜು ಒಡೆದು ಕೈ ಕೊಯ್ಯುವುದು ಬೇಡ. ಬಿಗಿಯಾದ ಉಂಗುರಗಳನ್ನು ಆಗಲೇ ತೆಗೆಸಿಡಿರಿ. ಇಲ್ಲೊಂದು ಎಚ್ಚರಿಕೆ: ಮುಖ, ಕೈ ಒಮ್ಮೆಲೇ ಬಾತು, ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಅದು ರಕ್ತದೊತ್ತಡದ ಲಕ್ಷಣವಿರಬಹುದು. ಕಾರ್ಯ ಮುಗಿಯಲಿ ಎಂದು ಕಾಯದೆ ಅದೇ ದಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿರಿ.

ಹಸಿರು ಗಾಜಿನ ಬಳೆಗಳು ಸೀರೆಯ ಹಸಿರನ್ನೇ ಹೋಲಬೇಕಾಗಿಲ್ಲ. ನಡುವೆ ಎರಡು ಕೆಂಪು ಬಳೆ ಸೇರಿಸಿ, ತುದಿಗೆ ಮನೆಯಲ್ಲಿದ್ದ ಪಾಟ್ಲಿಯನ್ನೋ ಬಿಲ್ವಾರವನ್ನೋ ಇಟ್ಟರೆ ಕೈ ತುಂಬುತ್ತದೆ.

ಕೊರಳಿಗೆ ಒಂದು ಬೋರಮಾಳ ಅಥವಾ ಗುಂಡಿನ ಸರ ಸಾಕು. ಕೆಂಪು ಸೆರಗಿನ ಮೇಲೆ ಬರಿಯ ಚಿನ್ನದ ಗುಂಡೇ ಎದ್ದು ಕಾಣುತ್ತದೆ, ಹಸಿರು ಹರಳಿನ ಹೊಸ ಸೆಟ್ಟು ಬೇಕಿಲ್ಲ. ಚಿನ್ನ ಇಲ್ಲದಿದ್ದರೆ ಒಂದು ಗ್ರಾಮಿನದೂ ನಡೆಯುತ್ತದೆ. ಕಿವಿಗೆ ಝುಮಕಿ ಇರಲಿ. ನಡುವಿಗೆ ಡಾಬು ಈ ಸಲ ಬೇಡವೇ ಬೇಡ, ಹೊಟ್ಟೆ ಬಿಗಿಯುತ್ತದೆ. ಮುಡಿಗೆ ಬಿಳಿ ಮಲ್ಲಿಗೆಯ ದಂಡೆ ಇಟ್ಟರೆ ಅದು ಸೆರಗಿನ ಬಿಳಿ ತೆನಿಗೆ ಜೋಡಿಯಾಗುತ್ತದೆ. ವಾಸನೆಗೆ ಓಕರಿಕೆ ಬರುವವರಿಗೆ ಅಬ್ಬಲಿಗೆ ಹೂವು ಒಳ್ಳೆಯದು.

ಪಕ್ಕದಲ್ಲಿ ಕೂರುವ ಅಳಿಯನನ್ನು ಮರೆಯಬಾರದು. ಅವನಿಗೂ ಹಸಿರು ಅಂಗಿ ತೊಡಿಸುವುದು ಈಗಿನ ಫೋಟೋ ಹುಚ್ಚು. ಸಣ್ಣ ಕೆಂಪು ದಡಿಯ ಬಿಳಿ ಧೋತರ, ಬಿಳಿ ಅಂಗಿ, ಹೆಗಲಿಗೆ ಶಲ್ಯ ಇದ್ದರೆ ಅವನೂ ಚೆಂದ, ಪಕ್ಕದಲ್ಲಿ ಅವಳ ಬಣ್ಣವೂ ಚೆಂದ. ಪಟಕ ಸುತ್ತುವುದಾದರೆ ಅದು ಅವಳ ಖಣದ ಬಣ್ಣದ್ದಿರಲಿ.

ಬಣ್ಣ ಎಲ್ಲರಿಗೂ ಇರಲಿ

ಉಡಿ ತುಂಬಲು ಮುತ್ತೈದೆಯರನ್ನು ಕರೆಯುತ್ತೇವೆ, ಅವರಿಗೂ ಖಣ ಕೊಡುತ್ತೇವೆ. ಆದರೆ ಬಸುರಿಯ ತಾಯಿಯೇ ಗಂಡನನ್ನು ಕಳೆದುಕೊಂಡವಳಾಗಿದ್ದರೆ? ಹೆತ್ತು, ಸಾಕಿ, ಈ ಸೀರೆಗೆ ರೊಕ್ಕ ಕೂಡಿಸಿದವಳು ಆರತಿಯ ಹೊತ್ತಿಗೆ ಅಡಿಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಾಳೆ. ಹೆಣ್ಣುಮಕ್ಕಳನ್ನು ಸಮನಾಗಿ ಕಂಡ ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ಮಗ್ಗುಲಲ್ಲೇ ಇದೆ. ಹೀಗಿದ್ದೂ ಆಕೆಯ ಕೈಗೆ ಒಂದು ಖಣ ಕೊಡಲು ನಮಗೆ ಅಂಜಿಕೆ ಯಾಕೆ? ಆಕೆಗೆ ಇಷ್ಟವಾದ ಬಣ್ಣವನ್ನು ಕೇಳಿ ಒಂದು ಖಣ ಹೆಚ್ಚಿಗೆ ತನ್ನಿರಿ. ಮಗಳ ಕೈಗೆ ಮೊದಲ ಬಳೆಯನ್ನು ಆಕೆಯೇ ಇಡಲಿ. "ಮಂದಿ ಏನಂದಾರು" ಅನ್ನುವವರು ಎರಡು ದಿನ ಅಂದು ಸುಮ್ಮನಾಗುತ್ತಾರೆ. ಮಗಳ ಮನಸ್ಸಿನ ನೆಮ್ಮದಿ ಮಾತ್ರ ಹೆರಿಗೆಯವರೆಗೂ ಉಳಿಯುತ್ತದೆ.

ರೊಕ್ಕದ ಮಾತು

ಮೊದಲು ಸೀರೆ, ಆಮೇಲೆ ಖಣ, ಕಡೆಗೆ ಬಳೆ. ಉಳಿದದ್ದೆಲ್ಲ ಪೆಟ್ಟಿಗೆಯಲ್ಲಿದ್ದದ್ದೇ ಸಾಕು. ಹೀಗೆ ಕೊಂಡ ಹಸಿರು ಸೀರೆ ತೊಟ್ಟಿಲ ಕಾರ್ಯಕ್ಕೂ ಬರುತ್ತದೆ, ನಾಗರ ಪಂಚಮಿಗೂ ಬರುತ್ತದೆ. ಖಣವೂ ಅಷ್ಟೆ. ಎಲ್ಲ ಇಳಕಲ್ ಸೀರೆಯ ಸೆರಗೂ ಕೆಂಪೇ ಆದ್ದರಿಂದ, ಒಂದು ಕೆಂಪು ಖಣ ಮನೆಯಲ್ಲಿರುವ ನಾಲ್ಕು ಸೀರೆಗೆ ಆದೀತು.

ಕಾರ್ಯ ಮುಗಿದ ಮೇಲೆ ಸೀರೆಯನ್ನು ಬೆವರು ಆರುವವರೆಗೆ ನೆರಳಿನಲ್ಲಿ ಹರವಿರಿ. ಮೊದಲೆರಡು ಸಲ ತಣ್ಣೀರಿನಲ್ಲಿ ಬೇರೆಯಾಗಿಯೇ ಒಗೆಯಿರಿ, ನೆನೆಯಿಡಬೇಡಿರಿ, ಸೆರಗಿನ ಕೆಂಪು ಬಿಳಿ ತೆನಿಗೆ ಹತ್ತೀತು. ಒಣಗಿಸುವುದೂ ನೆರಳಿನಲ್ಲೇ. ಒಣ ಬೇವಿನೆಲೆಯನ್ನು ಅರಿವೆಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿಡಿರಿ, ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿರಿ. ಹೀಗೆ ಜೋಪಾನ ಮಾಡಿದ ಸೀರೆಯನ್ನು ಇಂದು ಹೊಟ್ಟೆಯಲ್ಲಿರುವ ಕೂಸು ಹೆಣ್ಣಾದರೆ ದೊಡ್ಡವಳಾಗಿ ತಾನೂ ಉಟ್ಟಾಳು.